ಹಸಿರು ದಾರದ ಟವೆಲು

ಅದು ಶುರುವಾದದ್ದು ಬೇಸಿಗೆ ಮುಗಿಯುತ್ತ ಬಂದಾಗ, ಒಂದು ಶುಕ್ರವಾರ ಬಿಸಿಲು ಇಳಿಯುವ ಹೊತ್ತಿನಲ್ಲಿ. ನಾನು, ನನ್ನ ಮಗಳು, ನನ್ನ ಅಕ್ಕ ಮೂವರೂ ಗಂಟುಮೂಟೆ ಹಿಡಿದು ಕಡಲತೀರದ ಪಾರ್ಕಿನ ಗೇಟಿನ ಮುಂದೆ ಬಸ್ಸಿಳಿದೆವು. ಇಳಿದ ಕೂಡಲೇ ನನ್ನ ಚಪ್ಪಲಿಗೆ ಏನೋ ಮೆತ್ತಿಕೊಂಡಿತು. ಬಗ್ಗಿ ನೋಡಿದೆ. ಯಾರೋ ಜಗಿದು ಉಗುಳಿದ್ದು. ಅದರ ಮೇಲೆ ಮರಳು, ಮರಳಿನ ಮೇಲೆ ಇರುವೆ.

"ಅಂಟಿಕೊಂಡ್ತು ನೋಡು," ಎಂದಳು ಅಕ್ಕ. "ಸಂಬಂಧಾನೂ ಹೀಗೇ ಅಂಟಿಕೊಳ್ಳುತ್ತೆ."

"ಹೀಗೇ ಅಂದ್ರೆ ಬೇಡ ಅತ್ತೆ," ಎಂದಳು ಮಗಳು. ಆದರೂ ಅವಳ ತುಟಿಯ ಅಂಚಿನಲ್ಲಿ ನಗುವಿತ್ತು. ಆ ನಗುವಿಗಾಗಿಯೇ ನಾನು ಬಂದದ್ದು.

ಆ ಪಾರ್ಕಿನ ಉಸ್ತುವಾರಿ ನೋಡುವವನು ಹೆಂಡತಿ ತೀರಿಕೊಂಡ ಮನುಷ್ಯ. ಮಂಗಳವಾರ ಮಂಗಳವಾರ ಪಾರ್ಕಿನ ಟವೆಲು, ಹೊದಿಕೆಗಳ ಗಂಟು ಹೊತ್ತು ನಮ್ಮ ಲಾಂಡ್ರಿಗೆ ಬರುತ್ತಿದ್ದ. "ಇಡೀ ಊರಿನ ಬೆವರು ತಂದಿದೀನಿ, ಎಲ್ಲಿ ಇಳಿಸ್ಲಿ?" ಎಂದು ಬಾಗಿಲಲ್ಲೇ ಕೂಗುತ್ತಿದ್ದ. ನನ್ನ ಮಗಳು ಗಂಡ ತೀರಿಹೋದ ಮೇಲೆ ನನ್ನ ಬಳಿಗೇ ಬಂದು, ಹಬೆ ತುಂಬಿದ ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾಯಿ ಬಿಡದೆ ದುಡಿಯುತ್ತಿದ್ದವಳು. ಅವಳು ಮೊದಲ ಬಾರಿ ನಕ್ಕದ್ದು ಅವನ ಮಾತಿಗೆ. ನಮ್ಮಲ್ಲಿ ಯಾರ ಬಟ್ಟೆ ಯಾರದೆಂದು ತಿಳಿಯಲು ಮೂಲೆಗೆ ದಾರದ ಗುರುತು ಹಾಕುತ್ತೇವೆ. ಎಲ್ಲರದಕ್ಕೂ ಕಪ್ಪು ದಾರ. ಪಾರ್ಕಿನ ಬಟ್ಟೆಗೆ ಮಾತ್ರ ಅವಳು ಹಸಿರು ದಾರ ಎಳೆಯತೊಡಗಿದಳು. ನಾನು ನೋಡಿದೆ, ಏನೂ ಕೇಳಲಿಲ್ಲ.

ಅಕ್ಕನಿಗೆ ಅಷ್ಟು ತಾಳ್ಮೆ ಇಲ್ಲ. ಅವನನ್ನು ನಿಲ್ಲಿಸಿ ಮದುವೆಯ ಮಾತನ್ನು ನೇರವಾಗಿ ಕೇಳಿಯೇ ಬಿಟ್ಟಳು. ಅವನು ಕೆಂಪಾಗಿ, "ನನ್ನ ಮನೆ, ಮಠ ಎಲ್ಲಾ ಆ ಪಾರ್ಕೇ ಅಮ್ಮಾ. ಆಫೀಸಿನ ಹಿಂದೆ ಎರಡು ಕೋಣೆ. ಬಂದು ಡೇರೆ ಹಾಕ್ಕೊಂಡು ಮೂರು ದಿನ ಇರಿ. ಅವರಿಗೆ ಜಾಗ ಒಗ್ಗಿದ್ರೆ ಮುಂದಿನ ಮಾತು," ಎಂದ. ಆ ಮಾತು ನನಗೆ ಹಿಡಿಸಿತು. ಬಟ್ಟೆಯನ್ನಾದರೂ ಬಿಚ್ಚಿ ನೋಡಿಯೇ ತೆಗೆದುಕೊಳ್ಳಬೇಕು.

ಬಿಚ್ಚಿ ನೋಡುವುದೆಂದರೆ, ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿದೆ, ನನ್ನ ತಾಯಿಯ ಕಾಲದಿಂದ ಬಂದದ್ದು. ಎಷ್ಟು ಒಗೆದರೂ ಹೋಗದ ಕಲೆಯನ್ನು ಮಡಿಕೆಯ ಒಳಗೆ ಸೇರಿಸಕೂಡದು. ಇಸ್ತ್ರಿ ಮಾಡಿ ಮಡಚುವಾಗ ಕಲೆ ಮೇಲಕ್ಕೇ ಬರಬೇಕು, ಗಂಟಿನಲ್ಲಿ ಆ ಬಟ್ಟೆಯೇ ಎಲ್ಲಕ್ಕಿಂತ ಮೇಲೆ ಇರಬೇಕು. ಬೈಯುವವರು ಅಲ್ಲೇ ಬೈದು ಹೋಗಲಿ. ಇದರಿಂದ ಬೇರೆ ಲಾಂಡ್ರಿಗೆ ಹೋದವರೂ ಉಂಟು. ಉಳಿದವರು ಉಳಿದೇ ಬಿಟ್ಟರು. ಮಗಳು ಮೇಜು ಎಟುಕದೆ ಸ್ಟೂಲಿನ ಮೇಲೆ ನಿಲ್ಲುತ್ತಿದ್ದ ದಿನಗಳಲ್ಲೇ ಇದನ್ನು ಕಲಿತಳು.

ಉಸ್ತುವಾರಿ ಗೇಟಿನಲ್ಲೇ ಕಾದಿದ್ದ. ತಲೆಗೆ ಎಣ್ಣೆ, ಮೈಗೆ ನಾವೇ ಇಸ್ತ್ರಿ ಮಾಡಿದ ಅಂಗಿ.

"ಬನ್ನಿ ಮಾವಾ," ಎಂದ.

"ಇನ್ನೂ ಏನೂ ಆಗಿಲ್ಲ, ಆಗ್ಲೇ ಮಾವಾನಾ?" ಎಂದಳು ಅಕ್ಕ, ಸಂತೋಷ ತಡೆಯಲಾರದೆ.

"ರೂಢಿ ಆಗ್ಲಿ ಅಂತ ಅಮ್ಮಾ. ಹೊಸ ಚಪ್ಪಲೀನ ಮನೇಲೇ ನಾಲ್ಕು ದಿನ ಹಾಕ್ಕೊಂಡು ಓಡಾಡಲ್ವಾ?"

ಮಗಳು ನಕ್ಕಳು. ಅವನು ಪಾರ್ಕನ್ನು ತೋರಿಸುತ್ತ ನಡೆದ. ಮುಂಭಾಗ ಚೆನ್ನಾಗಿಯೇ ಇತ್ತು: ನೀಲಿ ಬಣ್ಣದ ಬೆಂಚುಗಳು, ಗುಡಿಸಿದ ಮರಳು, ಸಾಲಾಗಿ ನಿಂತ ಡೇರೆಗಳು. ಎಡಗಡೆ ಬಂಡೆಗಳ ಮಧ್ಯೆ ಅಲೆ ಬಾರದ ಒಂದು ಹೊಂಡ, ಮೊಣಕಾಲುದ್ದ ನೀರು. ಅದರ ತುಂಬ ಮಕ್ಕಳು. "ಇಲ್ಲಿ ನೀರು ಬೆಚ್ಚಗಿರುತ್ತೆ, ಅಲೆ ಭಯ ಇಲ್ಲ," ಎಂದು ಒಬ್ಬ ತಾಯಿ ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಅಕ್ಕನ ಮಂಡಿನೋವು ಹಳೆಯದು. ಬೆಚ್ಚಗಿನ ಉಪ್ಪುನೀರು ಎಂದು ಕಿವಿಗೆ ಬಿದ್ದದ್ದೇ ತಡ, ಬಟ್ಟೆ ಮೇಲೆತ್ತಿಕೊಂಡು ಇಳಿದು ಕುಳಿತುಬಿಟ್ಟಳು. ಬೊಗಸೆಯಲ್ಲಿ ತೆಗೆದು ಕಣ್ಣಿಗೂ ಹಚ್ಚಿಕೊಂಡಳು.

ಅಕ್ಕನನ್ನು ಎಬ್ಬಿಸಿಕೊಂಡು ಹೋದರೆ ಹಿಂಭಾಗ ಬೇರೆಯೇ ಇತ್ತು. ಸ್ನಾನದ ಮನೆಯ ಮೋರಿಯಲ್ಲಿ ಇಲಿಯ ಹಾಗೆ ಕೂದಲಿನ ಗಂಟು. ಗೋಡೆಗೆ ಯಾರೋ ಗಾಯದಿಂದ ಕಿತ್ತ ಪಟ್ಟಿಯನ್ನು ಅಂಟಿಸಿ ಹೋಗಿದ್ದರು, ಕೀವಿನ ಗುರುತು ಹೊರಕ್ಕೆ. ನಲ್ಲಿಯ ಕೆಳಗೆ ಒಬ್ಬ ಹಲ್ಲುಜ್ಜಿ ಉಗುಳುತ್ತಿದ್ದ. ಅವನು ಉಗುಳಿದಲ್ಲೇ ಒಬ್ಬಳು ಎಂಜಲು ತಟ್ಟೆ ಹಿಡಿದು ತೊಳೆಯುತ್ತಿದ್ದಳು. ಬಂಡೆಯ ಸಂದಿಯಲ್ಲಿ ಮಗುವಿನ ಚಡ್ಡಿ, ಸುತ್ತಿ ತುರುಕಿದ್ದು. ಕಲ್ಲಂಗಡಿಯ ಸಿಪ್ಪೆಯ ಮೇಲೆ ನೊಣಗಳು ಎಷ್ಟು ದಟ್ಟವಾಗಿದ್ದವೆಂದರೆ ಕೆಂಪೇ ಕಾಣುತ್ತಿರಲಿಲ್ಲ. ಮನುಷ್ಯರು ಎರಡು ದಿನ ಮನೆಯಿಂದ ಹೊರಬಂದರೆ ಏನಾಗಿಬಿಡುತ್ತಾರೆಂದು ನೋಡಿ, ನನಗೆ ಕಸಕ್ಕಿಂತ ಅವರ ಮುಖಗಳೇ ಹೇಸಿಗೆಯಾದವು.

"ಜನ ಬಂದ ಕಡೆ ಇರೋದೇ," ಎಂದಳು ಅಕ್ಕ, ಮೂಗಿಗೆ ಬಟ್ಟೆ ಹಿಡಿದು. "ಗಾಳಿ ಮಾತ್ರ ಚೆನ್ನಾಗಿದೆ."

"ಮೂಗು ಬಿಟ್ಟು ಹೇಳು," ಎಂದೆ.

ಮಗಳು ಮಾತ್ರ ಮುಖ ಗಂಟಿಕ್ಕಲಿಲ್ಲ. ರಾತ್ರಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿನ್ನುವಾಗ ನನ್ನ ತಟ್ಟೆಯಲ್ಲಿ ಹಾಗೇ ಉಳಿದದ್ದನ್ನು ನೋಡಿ ಹೇಳಿದಳು: "ಅಪ್ಪಾ, ಕೊಳೆ ಅಂದ್ರೆ ನಮಗೆ ಅನ್ನ. ಜನ ಕೊಳೆ ಮಾಡ್ದೇ ಇದ್ದಿದ್ರೆ ನಾವೇನು ತಿಂತಿದ್ವಿ? ಅವರೂ ಅದೇ ಕೆಲಸ ಮಾಡೋದು. ನಾವು ಬಟ್ಟೇಲಿ, ಅವರು ಮರಳಲ್ಲಿ."

ಸರಿಯೆನಿಸಿತು. ನನ್ನ ಕೈ ಈಗ ನಡುಗುತ್ತದೆ. ಇಸ್ತ್ರಿಪೆಟ್ಟಿಗೆ ಎತ್ತಲು ಆಗದ ದಿನ ದೂರವಿಲ್ಲ. ನಾನು ಹೋದ ಮೇಲೆ ಅವಳಿಗೆ ಆ ಹಬೆ, ಆ ಗೋಡೆ, ಅಷ್ಟೇ. ನಗಿಸುವವನೊಬ್ಬ ಸಿಕ್ಕಿದ್ದಾನೆ. ಎರಡು ಚೂರು ಸಿಪ್ಪೆ ನೋಡಿ ಮೂಗು ಮುರಿಯಲು ನಾನು ಯಾವ ಅರಮನೆಯವನು? ಹೇಸಿಗೆಯನ್ನು ನುಂಗಿ ಮೊಟ್ಟೆಯನ್ನೂ ನುಂಗಿದೆ.

ನುಂಗಲಾಗದ್ದು ಡೇರೆ. ಉಸ್ತುವಾರಿ ಇದ್ದವುಗಳಲ್ಲಿ ಒಳ್ಳೆಯದನ್ನೇ ಕೊಟ್ಟಿದ್ದ, ಸುಳ್ಳು ಹೇಳಬಾರದು. ಆದರೆ ಬಟ್ಟೆಯ ಮುಂದೆ ಕೂತರೆ ಅದರ ಕಥೆ ನನಗೆ ಕಾಣಿಸಿಬಿಡುತ್ತದೆ. ಬಾಗಿಲ ಹತ್ತಿರದ ಹಳದಿ ಎಣ್ಣೆಯದು. ಮೂಲೆಯಲ್ಲಿ ಉಂಗುರದಂತೆ ಒಣಗಿದ್ದು ಮಗು ಕಕ್ಕಿದ ಹಾಲು. ತಲೆ ಇಡುವ ಕಡೆ ಸಾಲಾಗಿ ಜಿಡ್ಡಿನ ಬುರುಡೆಗಳು, ನಮಗಿಂತ ಮೊದಲು ಮಲಗಿದ್ದವರೆಲ್ಲ ಇನ್ನೂ ಎದ್ದು ಹೋಗಿಲ್ಲವೇನೋ ಎಂಬಂತೆ. ಇರುಳೆಲ್ಲ ನಾನು ಬಟ್ಟೆಗೆ ಮೈ ತಾಗದಂತೆ ನಡುವಿನಲ್ಲಿ ಮುದುಡಿ ಮಲಗಿದೆ.

ಶನಿವಾರ ಬೆಳಿಗ್ಗೆ ನಾವು ಮೂವರೂ ಮಾತಿಲ್ಲದೆ ಒಂದೇ ನಿರ್ಧಾರಕ್ಕೆ ಬಂದಿದ್ದೆವು. ಬೇರೆ ಯಾರಾದರೂ ಆಗಿದ್ದರೆ ಬೇರೆ ಡೇರೆ ಕೇಳುತ್ತಿದ್ದರು. ನಾವು ಗೂಟ ಕಿತ್ತೆವು. ಮಗಳು ಗಂಟಿನಲ್ಲಿ ಬಟ್ಟೆಸೋಡಾ ತಂದಿದ್ದಳು. ನೆಂಟರ ಮನೆಗೆ ಹೋದರೂ ಅದನ್ನು ಬಿಡುವವಳಲ್ಲ. ಪಾರ್ಕಿನ ದೊಡ್ಡ ಹಂಡೆಯಲ್ಲಿ ನೀರು ಕುದಿಸಿ, ಸೋಡಾ ಸುರಿದು, ಡೇರೆಯನ್ನು ಮುಳುಗಿಸಿ, ಕೋಲಿನಿಂದ ತಿರುವಿ, ಬಂಡೆಯ ಮೇಲೆ ಹಾಕಿ ತಿಕ್ಕಿದೆವು. ನೀರು ಕಪ್ಪಗಾಯಿತು, ಮೇಲೆ ಬೆಣ್ಣೆಯ ಹಾಗೆ ಏನೋ ತೇಲಿತು. "ನೋಡು ನೋಡು, ಎಷ್ಟು ಜನರ ಜಿಡ್ಡು!" ಎಂದು ಅಕ್ಕ ಅದನ್ನು ಚಿಪ್ಪಿನಲ್ಲಿ ತೆಗೆದು ತೆಗೆದು ಚೆಲ್ಲಿದಳು. ಬಂದವರೆಲ್ಲ ನಿಂತು ನೋಡಿದರು. ಕಡಲಗಾಳಿಗೆ ಮಧ್ಯಾಹ್ನದೊಳಗೆ ಒಣಗಿತು. ಹಾಕಿದಾಗ ಡೇರೆ ಹೊಸ ಮದುಮಗಳಂತೆ ಬೆಳ್ಳಗೆ ನಿಂತಿತ್ತು.

ಸಂಜೆ ಒಂದು ಮಳೆ ಬಂತು. ಜೋರು ಮಳೆಯೇನಲ್ಲ. ಅಕ್ಕಪಕ್ಕದ ಹೊಲಸು ಡೇರೆಗಳವರು ಒಳಗೆ ಕೂತು ಹರಟುತ್ತಿದ್ದರು. ನಮ್ಮದರಲ್ಲಿ ಜರಡಿ ಹಿಡಿದಂತೆ ಸುರಿಯಿತು. ಹಾಸಿಗೆ, ಬ್ರೆಡ್ಡು, ಅಕ್ಕನ ಜಡೆ, ಎಲ್ಲ ತೊಪ್ಪೆ. ಉಸ್ತುವಾರಿ ಕೊಡೆ ಹಿಡಿದು ಓಡಿ ಬಂದ. ಡೇರೆಯ ಬಟ್ಟೆ ಮುಟ್ಟಿ ನೋಡಿದ. ಮೂಸಿದ.

"ಏನು ಹಾಕಿ ಒಗೆದ್ರಿ?"

"ಸೋಡಾ," ಎಂದಳು ಮಗಳು. "ಕುದಿಯೋ ನೀರಲ್ಲಿ."

"ಅಯ್ಯೋ ದೇವ್ರೇ! ಅದಕ್ಕೆ ಮೇಣ ಹಾಕಿರ್ತಾರೆ ಕಣ್ರೀ, ನೀರು ಇಳಿಯಬಾರ್ದು ಅಂತ. ಮೇಣಾನೂ ಒಗೆದು ಹಾಕಿದ್ರಾ!"

ಅಕ್ಕ ಬಾಯಿಗೆ ಕೈ ಇಟ್ಟುಕೊಂಡಳು. ಅವಳು ಚಿಪ್ಪಿನಲ್ಲಿ ತೆಗೆದು ಚೆಲ್ಲಿದ ಜಿಡ್ಡು ಅದೇ. ಡೇರೆ ಯಾವತ್ತೂ ನಮ್ಮ ಲಾಂಡ್ರಿಗೆ ಬಂದಿರಲಿಲ್ಲ, ನಮಗೇನು ಗೊತ್ತು! ಅವನು ಬೈಯಬಹುದಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಕಡಲನ್ನೊಂದು ಬಿಟ್ಬಿಡಿ, ಅದನ್ನೂ ಒಗೆದು ಒಣಹಾಕಿಬಿಟ್ಟೀರಿ," ಎಂದ. ಮಗಳು ಕೂದಲಿನಿಂದ ನೀರು ತೊಟ್ಟಿಕ್ಕುತ್ತಿದ್ದಂತೆ, ಬಗ್ಗಿ ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಗಲೇ ನಾನು ಮನಸ್ಸಿನಲ್ಲಿ ಒಪ್ಪಿಬಿಟ್ಟೆ. ನಾಳೆ ಹೂಂ ಎಂದುಬಿಡೋಣ ಎಂದುಕೊಂಡೆ.

ಅವನು ತನ್ನ ಹೊದಿಕೆಗಳನ್ನೇ ನಮಗೆ ಕೊಟ್ಟ. ಕೋಣೆಗಳಲ್ಲಿ ಆಗಲೇ, ಡೇರೆಯಿಲ್ಲದೆ ನೆನೆದ ಮಕ್ಕಳಿದ್ದವರನ್ನು ಮಲಗಿಸಿದ್ದ. ಹಿಂದಿನ ಸಾಮಾನಿನ ಕೊಟ್ಟಿಗೆಯೊಂದೇ ಉಳಿದದ್ದು. ಅದರ ಬೀಗದ ಕೈ ಕೊಡುತ್ತ ಹೇಳಿದ:

"ಅಲ್ಲಿ ಸ್ವಲ್ಪ ವಾಸನೆ ಬರುತ್ತೆ ಮಾವಾ. ಹಿಂದಿನ ಕಿಟಕಿ ಮಾತ್ರ ತೆಗೀಬೇಡಿ."

ಕಿಟಕಿ ತೆಗೆಯಲಿಲ್ಲ. ವಾಸನೆ ಕಿಟಕಿಗಾಗಿ ಕಾಯಲಿಲ್ಲ. ಹಲಗೆಯ ಸಂದಿಯಿಂದ, ನೆಲದಿಂದ, ಎಲ್ಲಿಂದಲೋ ಬಂತು. ಅದು ಯಾವ ವಾಸನೆಯೆಂದು ನನಗೆ ಕೂಡಲೇ ತಿಳಿಯಿತು, ತಿಳಿಯಬಾರದೆಂದು ಮುಸುಕೆಳೆದುಕೊಂಡೆ.

ಭಾನುವಾರ ಬೆಳಕು ಹರಿಯುವಾಗ ತಡೆಯಲಾರದೆ ಹೊರಗೆ ಬಂದೆ. ಕೊಟ್ಟಿಗೆಯ ಹಿಂದೆ ಪೊದೆ, ಪೊದೆಯ ಕೆಳಗೆ ನೆಲದಿಂದ ಹೊರಬಂದ ಒಂದು ದಪ್ಪ ಪೈಪು. ಪೈಪಿನ ಬಾಯಿಯಿಂದ ಬಂಡೆಗಳ ಕಡೆಗೆ ಒಂದು ಕಾಲುವೆ ಕೊರೆದಿತ್ತು. ಅದರಲ್ಲಿ ಹರಿಯುತ್ತಿದ್ದದ್ದನ್ನು ಬರೆಯಲು ನನಗೆ ಅಸಹ್ಯ, ಆದರೂ ಬರೆಯುತ್ತೇನೆ. ಕಕ್ಕಸಿನ ಗುಂಡಿ ತುಂಬಿ ಬಂದದ್ದು, ಕಾಗದ ಸಮೇತ, ಮೈಲಿಗೆ ಸಮೇತ. ಉಸ್ತುವಾರಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಕೋಲಿನಿಂದ ಒಂದು ಟವೆಲನ್ನು ಅದರ ಬಾಯಿಗೆ ತುರುಕುತ್ತಿದ್ದ. ಹರಿಯುವುದು ನಿಂತಿತು. ಮೇಲೆ ನಾಲ್ಕು ಸಲಿಕೆ ಮರಳು ಹಾಕಿದ. ನಾನು ಪೊದೆಯ ಮರೆಯಲ್ಲಿದ್ದೆ. ಅವನು ಎದ್ದು, ನಲ್ಲಿಯಲ್ಲಿ ಕೈ ತೊಳೆದು, ಗುನುಗುತ್ತ ಈ ಕಡೆ ತಿರುಗಿದಾಗ ನನ್ನನ್ನು ಕಂಡ.

"ಎದ್ರಾ ಮಾವಾ? ಚಹಾ ಕುಡೀತೀರಾ?"

ಅದೇ ಕೈ. "ಹಲ್ಲುಜ್ಜಿಲ್ಲ," ಎಂದೆ.

ಅವನು ಹೋದ ಮೇಲೆ ಕಾಲುವೆಯ ಜಾಡು ಹಿಡಿದು ನಡೆದೆ. ಅದು ಹೋಗಿ ಸೇರಿದ್ದು ಬಂಡೆಗಳ ನಡುವಿನ ಆ ಹೊಂಡಕ್ಕೆ. ಅಲೆ ಬಾರದ ಹೊಂಡಕ್ಕೆ. ಹಗಲು ಮುಚ್ಚುವುದು, ಇರುಳು ಬಿಡುವುದು. ಬೆಳಿಗ್ಗೆ ಮಕ್ಕಳು ಬರುವುದು. ಅಕ್ಕ ಬೊಗಸೆಯಲ್ಲಿ ಎತ್ತಿ ಕಣ್ಣಿಗೆ ಹಚ್ಚಿಕೊಂಡದ್ದು ನೆನಪಾಗಿ ಅಲ್ಲೇ ಬಂಡೆ ಹಿಡಿದು ಕಕ್ಕಿದೆ.

ಮಗಳಿಗೆ ಹೇಳದೇ ಇರಬಹುದಿತ್ತು. ಮೂರು ದಿನ ಮುಗಿಯುವ ಮುಂಚೆಯೇ ಹೂಂ ಎಂದು, ಒಂದು ಒಳ್ಳೆಯ ದಿನ ನೋಡಿ ಮುಗಿಸಿ, ಆಮೇಲೆ ಅವಳೇ ಕಂಡುಕೊಳ್ಳಲಿ ಎನ್ನಬಹುದಿತ್ತು. ನಿನ್ನೆಯ ಅವಳ ನಗು ಕಿವಿಯಲ್ಲೇ ಇತ್ತು. ಆದರೆ ಅದು ಕಲೆಯನ್ನು ಒಳಕ್ಕೆ ಮಡಚಿದ ಹಾಗೆ. ಅವಳನ್ನು ಎಬ್ಬಿಸಿ ಕರೆದುಕೊಂಡು ಹೋಗಿ ತೋರಿಸಿದೆ.

ಅವಳು ತುಂಬ ಹೊತ್ತು ನೋಡಿದಳು. ಮರಳಿನಿಂದ ಟವೆಲಿನ ಒಂದು ಮೂಲೆ ಹೊರಗಿತ್ತು. ಮೂಲೆಯಲ್ಲಿ ಹಸಿರು ದಾರ.

ನಾನು ತಡೆಯುವ ಮುಂಚೆ ಬಗ್ಗಿ, ಬರಿಗೈಯಲ್ಲೇ ಅದನ್ನು ಎಳೆದಳು. ಪೈಪಿಗೆ ಅದರ ಬದಲು ಕಲ್ಲು, ಮಣ್ಣು ಒತ್ತಿ ಮುಚ್ಚಿದಳು. ಹಂಡೆಗೆ ಬೆಂಕಿ ಹಾಕಿದಳು. ಆ ಟವೆಲನ್ನು ಕುದಿಸಿ, ಬಡಿದು, ಮತ್ತೆ ಕುದಿಸಿ, ಗಾಳಿಗೆ ಒಣಹಾಕಿದಳು. ಅಷ್ಟು ಬೆಳಿಗ್ಗೆ ಹೊಂಡಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಅಷ್ಟರಲ್ಲಿ ಅಕ್ಕ ಎದ್ದು ಬಂದು ವಿಷಯ ಕೇಳಿ, ಕೆಂಪಾಗುವವರೆಗೆ ಸೋಡಾ ಹಾಕಿ ಮಂಡಿ ತಿಕ್ಕಿಕೊಂಡಳು, ಮುಖ ತಿಕ್ಕಿಕೊಂಡಳು, "ಥೂ, ಥೂ" ಎಂದು ಉಗಿದಳು. ಉಗಿದು ಮುಗಿಸಿ ಹೇಳಿದಳು:

"ಅದೇನು ದೊಡ್ಡದು ಬಿಡು ತಮ್ಮಾ. ಒಂದು ಲಾರಿ ಕರೆಸಿ ಗುಂಡಿ ಖಾಲಿ ಮಾಡಿಸಿದ್ರೆ ಮುಗೀತು. ಇದಕ್ಕೆಲ್ಲಾ ಯಾರಾದ್ರೂ ಸಂಬಂಧ ಬಿಡ್ತಾರಾ? ಗಂಡಸು ಒಳ್ಳೆಯವನು, ಕುಡಿಯಲ್ಲ, ಬಡಿಯಲ್ಲ."

"ಕಣ್ಣಿಗೆ ಹಚ್ಕೊಂಡಿದ್ಯಲ್ಲ ಅಕ್ಕಾ."

"ಹೋಗ್ಲಿ, ಕಣ್ಣು ಕಾಣ್ತಾ ಇದೆಯಲ್ಲ!"

ಟವೆಲು ಒಣಗಿತು. ಕಲೆ ಹೋಗಿರಲಿಲ್ಲ, ಅಂಗೈಯಗಲ, ಕಂದು ಬಣ್ಣ. ಮಗಳು ಅದನ್ನು ನೀಟಾಗಿ ಮಡಚಿ, ಕಲೆ ಮೇಲೆ ಬರುವಂತೆ, ಕೊಟ್ಟಿಗೆಯಲ್ಲಿದ್ದ ಒಗೆದ ಟವೆಲುಗಳ ಕಟ್ಟಿನ ಮೇಲಿಟ್ಟಳು. ಕಟ್ಟನ್ನು ಎತ್ತಿಕೊಂಡು ಆಫೀಸಿಗೆ ನಡೆದಳು. ನಾವಿಬ್ಬರೂ ಹಿಂದೆ. ಅಕ್ಕ ದಾರಿಯುದ್ದಕ್ಕೂ, "ಮೆತ್ತಗೆ ಮಾತಾಡು ಕೂಸೇ, ಮೆತ್ತಗೆ," ಎನ್ನುತ್ತಿದ್ದಳು.

ಉಸ್ತುವಾರಿ ಮೇಜಿನ ಮೇಲೆ ಮೂರು ಲೋಟ ಚಹಾ ಇಟ್ಟು ಕಾದಿದ್ದ. ಅವಳು ಕಟ್ಟನ್ನು ಅವನ ಮುಂದೆ ಇಟ್ಟಳು. ಅವನು ಮೇಲಿನದನ್ನು ನೋಡಿದ. ಹಸಿರು ದಾರ ನೋಡಿದ. ಮುಖ ಬಿಳಿಚಿಕೊಂಡಿತು.

"ಇದು ಹಳೇದು," ಎಂದ. "ಇದನ್ಯಾಕೆ ಒಗೆಯೋಕೆ ಹೋದ್ರಿ?"

"ಹೊಂಡಕ್ಕೆ ಎಷ್ಟು ದಿನದಿಂದ ಬಿಡ್ತಿದೀರಿ?"

"ಸೀಸನ್ ಶುರುವಾದಾಗಿಂದ. ಗುಂಡಿ ತುಂಬಿದೆ ಅಂತ ಮೇಲಿನವರಿಗೆ ಹೇಳಿದ್ರೆ ಪಾರ್ಕನ್ನೇ ಮುಚ್ಚಿಸ್ತಾರೆ. ಇಷ್ಟು ಜನ ಬಂದಿದಾರೆ, ಎಲ್ಲಿಗೆ ಹೋಗ್ತಾರೆ? ಉಪ್ಪುನೀರು ನೋಡಿ, ಎಲ್ಲಾ ಕರಗಿ ಹೋಗುತ್ತೆ. ಯಾರಿಗೂ ಏನೂ ಆಗಿಲ್ಲ."

"ಮಕ್ಕಳು ಈಗ ಅಲ್ಲೇ ಆಡ್ತಿದಾರೆ." ಅವಳ ದನಿ ಏರಲಿಲ್ಲ. "ಬನ್ನಿ, ಹೋಗಿ ಹೇಳೋಣ. ನೀವೇ ಹೇಳಿ. ಬೈತಾರೆ, ಬೈಲಿ. ನಾನು ನಿಮ್ಮ ಪಕ್ಕ ನಿಂತ್ಕೋತೀನಿ."

ಆ ಒಂದು ಮಾತಿನಲ್ಲಿ ಅವಳು ಹೂಂ ಎಂದಿದ್ದಳು. ನನಗೆ ಕೇಳಿಸಿತು. ಅಕ್ಕನಿಗೂ ಕೇಳಿಸಿತು, ನನ್ನ ತೋಳು ಹಿಡಿದುಕೊಂಡಳು. ಅವನಿಗೂ ಕೇಳಿಸಿರಬೇಕು, ಏಕೆಂದರೆ ಅವನ ಕಣ್ಣು ಒದ್ದೆಯಾಯಿತು.

"ಊಟ ಆಗ್ಲಿ," ಎಂದ. "ಸಂಜೆ ಎಲ್ಲಾ ಹೊರಡ್ತಾರೆ. ಆಮೇಲೆ ನೋಡೋಣ."

ಹೇಳುತ್ತ ಹೇಳುತ್ತ, ತನಗೆ ಗೊತ್ತಿಲ್ಲದಂತೆ, ಕೈ ಚಾಚಿ ಆ ಟವೆಲನ್ನು ತಿರುಗಿಸಿ ಇಟ್ಟ. ಕಲೆ ಕೆಳಗಾಯಿತು. ಮೇಲಿನಿಂದ ನೋಡಿದರೆ ಎಲ್ಲ ಬೆಳ್ಳಗೆ.

ಮಗಳು ಆ ಕೈಯನ್ನೇ ನೋಡಿದಳು. ಆಮೇಲೆ ತಿರುಗಿ ಹೊರಗೆ ನಡೆದಳು. ನಡೆದದ್ದು ಓಟವಾಯಿತು. ಚಪ್ಪಲಿ ಬಿಡದೆ, ಬಟ್ಟೆ ಎತ್ತದೆ ಹೊಂಡಕ್ಕೆ ಇಳಿದಳು. ಎರಡು ಕೈಯಲ್ಲಿ ಎರಡು ಮಕ್ಕಳನ್ನು ಎತ್ತಿ ಬಂಡೆಯ ಮೇಲೆ ಕೂರಿಸಿದಳು, ಮತ್ತೆ ಇಳಿದಳು.

"ಏಯ್, ಯಾರೇ ನೀನು? ಮಗೂನ ಬಿಡೇ!" ಒಬ್ಬ ತಾಯಿ ಅವಳ ಜಡೆಗೆ ಕೈ ಹಾಕಿದಳು.

"ಇದು ಕಕ್ಕಸಿನ ನೀರು ಕಣಮ್ಮಾ! ರಾತ್ರಿ ಹೊತ್ತು ಇಲ್ಲಿಗೇ ಬಿಡ್ತಾರೆ. ಎತ್ತಿ, ನಿಮ್ಮ ನಿಮ್ಮ ಮಕ್ಕಳನ್ನ ಎತ್ತಿ!"

"ಹುಚ್ಚಿ ಇರ್ಬೇಕು," ಎಂದ ಒಬ್ಬ, ತಿನ್ನುವುದನ್ನು ನಿಲ್ಲಿಸದೆ. "ನಿನ್ನೆ ಟೆಂಟ್ ಒಗೀತಿದ್ಲಲ್ಲ, ಅವಳೇ."

ಜನ ನಕ್ಕರು. ನಾನು ಕೋಲು ಹಿಡಿದು ನೀರಿನ ತಳ ಕೆದಕಿದೆ. ತಳದಲ್ಲಿ ಕೂತದ್ದು ಮೇಲೆ ಬಂತು, ಅದರ ಜೊತೆಗೆ ವಾಸನೆಯೂ. ಆಮೇಲೆ ಯಾರೂ ನಗಲಿಲ್ಲ. ಕಿರುಚಿದರು, ಮಕ್ಕಳನ್ನು ಎಳೆದುಕೊಂಡು ನಲ್ಲಿಯ ಕಡೆಗೆ ಓಡಿದರು, ನಲ್ಲಿಗಾಗಿ ಒಬ್ಬರನ್ನೊಬ್ಬರು ತಳ್ಳಿದರು. ಅರ್ಧ ತಿಂದದ್ದನ್ನು ಎಲ್ಲಿದ್ದಲ್ಲೇ ಎಸೆದು ಹೋದರು. ಮಗುವಿನ ಒದ್ದೆ ಚಡ್ಡಿಯನ್ನು ಒಬ್ಬಳು ಬಿಚ್ಚಿ, ನನ್ನ ಕಣ್ಣೆದುರೇ, ಬಂಡೆಯ ಸಂದಿಗೆ ತುರುಕಿದಳು. ನನ್ನ ಮಗಳಿಗೆ ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲ. ಅವರ ಮೇಲೆ ಹುಟ್ಟಿದ ಹೇಸಿಗೆ ನನಗೆ ಇವತ್ತಿಗೂ ಪೂರ್ತಿ ಆರಿಲ್ಲ.

ಉಸ್ತುವಾರಿ ಆಫೀಸಿನ ಬಾಗಿಲಲ್ಲೇ ನಿಂತಿದ್ದ. ಜನ ಅವನ ಸುತ್ತ ಕೂಗಾಡುತ್ತಿದ್ದರು. ಅವನು ನಮ್ಮ ಕಡೆ ನೋಡಲಿಲ್ಲ.

ಅಕ್ಕ ನಮ್ಮ ಜೊತೆ ಬರಲೊಪ್ಪಲಿಲ್ಲ. "ಮಾತೆತ್ತಿದವಳು ನಾನು. ಅವನು ಒಬ್ಬನೇ ಬೈಸಿಕೊಳ್ಳೋವಾಗ ಹೇಗೆ ಬಿಟ್ಟು ಬರ್ಲಿ? ಆ ಲಾರಿ ಬರೋದನ್ನ ಕಣ್ಣಾರೆ ನೋಡೇ ಬರ್ತೀನಿ," ಎಂದಳು. ಅಕ್ಕ ಹಾಗೆ.

ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟಿಗೆ ಬಂದವರು ಮೂಗು ಮುಚ್ಚಿಕೊಂಡು ಮುಂದೆ ಹೋದರು. ಮಗಳ ಬಟ್ಟೆ ಮೊಣಕಾಲಿನವರೆಗೆ ಇನ್ನೂ ಒದ್ದೆಯಿತ್ತು. ಅವಳು ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಅತ್ತಳೋ ಇಲ್ಲವೋ ನನಗೆ ಕಾಣಲಿಲ್ಲ.

"ಅಪ್ಪಾ," ಎಂದಳು ತುಂಬ ದೂರ ಬಂದ ಮೇಲೆ, "ಮನೆಗೆ ಹೋದ ತಕ್ಷಣ ನೀರು ಕಾಯೋಕಿಡ್ಬೇಕು."

"ಇಡೋಣಮ್ಮ."

ನಾನೂ ಮಗಳೂ ಹೊರಟದ್ದು ಭಾನುವಾರ ಮಧ್ಯಾಹ್ನ. ಅಕ್ಕ ಹೊರಟದ್ದು ಬುಧವಾರ, ಲಾರಿ ಬಂದು ಹೋದ ಮೇಲೆ.